ಹೊಸ ಕ್ಯಾಸೆಟ್ ಬಂದ ದಿನ ಮನೆಯಲ್ಲಿ ಜಗಳವಿಲ್ಲ

ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ. ಅವು ಬಂಡೆಗಳ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಬಿದ್ದಿರುತ್ತವೆಯೇ ಹೊರತು ಊರೊಳಗೆ ಕಾಲಿಡುವುದಿಲ್ಲ. ಯಾಕಿರಬಹುದು? ಅರಣ್ಯ ಇಲಾಖೆಯವರನ್ನು ಕೇಳಿದರೆ ನೀರು, ಮೀನು, ಮೊಸಳೆಯ ಸ್ವಭಾವ ಎಂದೆಲ್ಲ ಹೇಳುತ್ತಾರೆ. ನಂಬಬೇಡಿ! ಅದಕ್ಕೆ ಕಾರಣ ನಮ್ಮ ಕಾಕಾ. ಅವನ ಟೇಪ್ ರೆಕಾರ್ಡರ್ ಶುರುವಾಯಿತೆಂದರೆ ಮರಿ ಮೊಸಳೆಗಳು ಹೆದರಿ ತಾಯಿಯ ಮಗ್ಗುಲಿಗೆ ಹೋಗಿ ಸೇರಿಕೊಳ್ಳುತ್ತವೆ ಎಂದು ನಮ್ಮ ಕಾಕು ಬಂದವರಿಗೆಲ್ಲ ಹೇಳುತ್ತಿದ್ದಳು. ಕಾಕು ಮೊಸಳೆಯನ್ನೇನೂ ಹತ್ತಿರದಿಂದ ನೋಡಿದವಳಲ್ಲ. ಆದರೆ ಕಾಕಾನನ್ನು ನೋಡಿದ್ದಳಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಅವನ ಹೆಂಡತಿ. ಕಾಕಾನದು ಕಾಗದದ ಮಿಲ್ಲಿನ ಸ್ಟೋರಿನಲ್ಲಿ ಕೆಲಸ. ನಟ್ಟು, ಬೋಲ್ಟು, ಬೇರಿಂಗು ಕೇಳಿಕೊಂಡು ಬಂದವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು. ನಾನು ಮುಂಡಗೋಡ ತಾಲೂಕಿನ ಮಳಗಿಯವಳು. ನಮ್ಮ ಮನೆಯಲ್ಲಿ ನಾವು ಮಕ್ಕಳು ಬೇಕಾದ್ದಕ್ಕಿಂತ ಹೆಚ್ಚಿದ್ದೆವು, ಕಾಕಾ-ಕಾಕುವಿಗೆ ಒಂದೂ ಇರಲಿಲ್ಲ. ಹೀಗಾಗಿ ತೊಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಹೈಸ್ಕೂಲು ಓದುವ ನೆಪ ಮಾಡಿ ದಾಂಡೇಲಿಗೆ ಕಳಿಸಿ ಎರಡೂ ಮನೆಯವರು ಸಮಾಧಾನಪಟ್ಟರು. ನನ್ನ ಸಮಾಧಾನದ ವಿಚಾರ ಯಾರೂ ಕೇಳಲಿಲ್ಲ. ಮಿಲ್ಲಿನ ಕ್ವಾರ್ಟರ್ಸಿನ ಬಾಗಿಲಲ್ಲಿ ಚೀಲ ಇಳಿಸುತ್ತಿದ್ದಂತೆಯೇ ಒಳಗಿನಿಂದ ಯಾರೋ ಇಂಗ್ಲಿಷಿನಲ್ಲಿ ಕೊರಳು ಹರಿಯುವ ಹಾಗೆ ಕೂಗುತ್ತಿದ್ದುದು ಕೇಳಿಸಿತು. ನಾನು ಗಾಬರಿಯಾಗಿ ಅಪ್ಪನ ಅಂಗಿ ಹಿಡಿದುಕೊಂಡೆ. ಅಪ್ಪ ಮಾತ್ರ ಏನೂ ಆಗದವರಂತೆ, "ಏನಿಲ್ಲ, ನಿಮ್ಮ ಕಾಕಾ ಮನ್ಯಾಗ ಅದಾನ" ಎಂದರು.

ಇಂಥ ಒದರುವ ಇಂಗ್ಲಿಷ್ ರಾಕ್ ಹಾಡು ಕೇಳುವ ಮನುಷ್ಯ ಹೇಗಿರಬಹುದು ಎಂದು ನೀವು ಊಹಿಸುತ್ತಿದ್ದರೆ ಅದನ್ನು ಅಲ್ಲಿಗೇ ಬಿಡಿ. ಹರಿದ ಪ್ಯಾಂಟಿಲ್ಲ, ಉದ್ದ ಕೂದಲಿಲ್ಲ. ಕೂದಲೇ ಇರಲಿಲ್ಲ! ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಅಡ್ಡ ವಿಭೂತಿ ಹಚ್ಚಿ, ಮಡಿ ಧೋತರ ಉಟ್ಟು ಟೇಪ್ ರೆಕಾರ್ಡರಿನ ಎದುರು ಪದ್ಮಾಸನ ಹಾಕಿ ಕೂರುತ್ತಿದ್ದ. ಅವನ ಸ್ವಂತ ಧ್ವನಿಯಂತೂ ಎಷ್ಟು ಮೆತ್ತಗೆಂದರೆ, ಬಸ್ಸಿನಲ್ಲಿ "ಇಳಿಯೂದೈತ್ರಿ" ಎಂದು ಅವನು ಹೇಳಿದ್ದು ಕಂಡಕ್ಟರಿಗೆ ಕೇಳಿಸುವಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತಿತ್ತು.

ಈ ಹುಚ್ಚು ಹಿಡಿದದ್ದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ. ಮದುವೆಯಾದ ಹೊಸತರಲ್ಲಿ ಕಾಕುವಿಗೆ ಸ್ವೆಟರ್ ತರಲು ಹೋಗಿದ್ದನಂತೆ. ಅಂಗಡಿಯ ಹುಡುಗ ಒಂದು ಕ್ಯಾಸೆಟ್ ಹಚ್ಚಿ ತಲೆ ಕುಣಿಸುತ್ತ ಕುಳಿತಿದ್ದ. ಕಾಕಾ ಬಾಗಿಲಲ್ಲಿ ನಿಂತವನು ನಿಂತೇ ಬಿಟ್ಟ. "ಎದಿ ಒಳಗ ಯಾರೋ ಬಾಗಲಾ ಬಡದಂಗ ಆತು, ತೆಗದ್ ನೋಡಿದ್ರ ನಾನ ನಿಂತಿದ್ನಿ" ಎಂದು ಅವನು ಮುಂದೆ ನನಗೆ ಹೇಳಿದ. ಸಂಜೆ ಮನೆಗೆ ಬಂದಾಗ ಕೈಯಲ್ಲಿ ಕ್ಯಾಸೆಟ್ಟಿತ್ತು, ಸ್ವೆಟರ್ ಇರಲಿಲ್ಲ. ಆ ಚಳಿಗಾಲ ಕಾಕು ಬೆಚ್ಚಗಿದ್ದುದು ಸಿಟ್ಟಿನಿಂದ.

ಅವನಿಗೆ ಇಂಗ್ಲಿಷು ಬರುತ್ತಿತ್ತೇ? ಬೇರಿಂಗಿನ ನಂಬರು ಓದುವಷ್ಟು ಬರುತ್ತಿತ್ತು. ನಾನೊಮ್ಮೆ ಕೇಳಿಯೇ ಬಿಟ್ಟೆ. "ಕಾಕಾ, ಅವರೇನ್ ಅಂತಾರ ಅಂತ ನಿನಗ ತಿಳಿತೈತೇನ?"

"ತಿಳಿಯೂದ್ಯಾಕ? ನಿಮ್ಮ ಕಾಕು ಬೈಯೂ ಮುಂದ ನಾ ಒಂದೊಂದ್ ಮಾತಿನ ಅರ್ಥಾ ಹುಡಕ್ಕೊಂತ ಕುಂಡ್ರತೇನೇನ? ಸಿಟ್ಟು ಬಂದೈತಿ ಅಂತ ತಿಳಿತೈತಿ, ಅಷ್ಟ ಸಾಕು. ಇವರದೂ ಹಂಗ." ಟೇಪಿನ ಧ್ವನಿ ಒಂದಿಷ್ಟು ತಗ್ಗಿಸಿ ಮತ್ತೆ ಹೇಳಿದ. "ನಾ ಜನ್ಮದಾಗ ಯಾರಿಗೂ ಒದರಿದಾಂವಲ್ಲ, ತಂಗಿ. ನನ್ನ ಪಾಲಿಂದೂ ಇವರ ಒದರ್ತಾರ."

ಹಾಡುವವರ ಹೆಸರು ಅವನಿಗೆ ಬೇಕಾಗಿರಲಿಲ್ಲ. ಕವರಿನ ಮೇಲಿನ ಚಿತ್ರವೇ ಹೆಸರು. ಹದ್ದಿನ ಕ್ಯಾಸೆಟ್, ತಲೆಬುರುಡೆ ಕ್ಯಾಸೆಟ್, ಸುಟ್ಟ ಮನೆ ಕ್ಯಾಸೆಟ್. ದಾಂಡೇಲಿಯಲ್ಲಿ ಇಂಥವು ಎಲ್ಲಿ ಸಿಗಬೇಕು? ಗೋವಾಕ್ಕೆ ಹೋಗುವ ಲಾರಿ ಡ್ರೈವರುಗಳೇ ಗತಿ. ಅವರಿಗೆ ಯಾವ ಕ್ಯಾಸೆಟ್ ತರಬೇಕೆಂದು ಹೇಳುವುದು ಹೇಗೆ? ಕಾಕಾ ಅದಕ್ಕೊಂದು ಸೂತ್ರ ಮಾಡಿದ್ದ. "ಕವರ್ ಮ್ಯಾಲೆ ಉದ್ದ ಕೂದಲಿನ ಗಂಡಸು ಇರಬೇಕು. ನಗಾಕತ್ತಿದ್ರ ತರಬ್ಯಾಡ."

ಸೂತ್ರ ಚೆನ್ನಾಗಿಯೇ ನಡೆಯಿತು. ಒಮ್ಮೆ ಹೊಸ ಡ್ರೈವರೊಬ್ಬ ಒಂದು ಕ್ಯಾಸೆಟ್ ತಂದುಕೊಟ್ಟ. ಉದ್ದ ಕೂದಲು ಹೌದು. ಗಡ್ಡವೂ ಇತ್ತು. ನಗುತ್ತಿರಲಿಲ್ಲ. ಕಾಕಾ ಸಂಭ್ರಮದಿಂದ ಹಚ್ಚಿ ಕುಳಿತ. ಯಾರೋ ಒಬ್ಬರು ನಿಧಾನವಾಗಿ ಕೊಂಕಣಿಯಲ್ಲಿ ಮಾತಾಡತೊಡಗಿದರು. ಶುರುವಿನಲ್ಲಿ ಹೀಗೆ ಮಾತಾಡಿ ಆಮೇಲೆ ಒಮ್ಮೆಲೇ ಗಿಟಾರು ಎತ್ತಿಕೊಳ್ಳುತ್ತಾರೆ ಎಂದು ಕಾಕಾ ನಮಗೆ ಕಣ್ಸನ್ನೆ ಮಾಡಿದ. ಒಂದು ಬದಿ ಮುಗಿಯಿತು, ಗಿಟಾರು ಬರಲಿಲ್ಲ. ತಿರುಗಿಸಿ ಹಾಕಿದ. ಅದೂ ಮುಗಿಯುತ್ತ ಬಂತು. ಅಷ್ಟರಲ್ಲಿ ಮಗ್ಗುಲ ಮನೆಯ ಹೆಂಗಸು, ಓಣಿಯವರೆಲ್ಲ 'ಬಾಯಿ' ಎನ್ನುವವರು, ಬಾಗಿಲಿಗೆ ಬಂದು ನಿಂತರು. ಅವರು ಜೋಯಿಡಾ ಕಡೆಯವರು, ಕೊಂಕಣಿ ಮನೆಮಾತು. ಕಾಕಾನ ಸಂಗೀತದಿಂದ ಅವರ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರು ದಿನಾ ಒಂದು ಸಲ ಕೆಳಗೆ ಬೀಳುತ್ತಿತ್ತು.

"ಅಣ್ಣಾ, ಇದು ನಮ್ಮ ಕಡೆ ಚರ್ಚಿನ ಪ್ರವಚನ ಅಲ್ಲಾ?" ಎಂದರು ಬಾಯಿ. ಕವರಿನ ಮೇಲಿದ್ದವನು ಏಸುಸ್ವಾಮಿ!

ಕಾಕಾ ತಡವರಿಸಿ, "ಏನ್ ಹೇಳಾಕತ್ತಾರ್ರಿ ಬಾಯಿ ಅವರು?" ಎಂದು ಕೇಳಿದ.

ಬಾಯಿ ಕಿವಿಗೊಟ್ಟು ಕೇಳಿ ಗಂಭೀರವಾಗಿ ಹೇಳಿದರು. "ಮಗ್ಗಲ ಮನಿಯವರಿಗೆ ತ್ರಾಸ ಕೊಡಬ್ಯಾಡ್ರಿ ಅಂತ ಹೇಳಾಕತ್ತಾರ."

ಅವರು ನಿಜವಾಗಿ ಹಾಗೆ ಹೇಳುತ್ತಿದ್ದರೋ ಅಥವಾ ಬಾಯಿಯೇ ಸಮಯ ಸಾಧಿಸಿದರೋ ಇಂದಿಗೂ ಗೊತ್ತಿಲ್ಲ. ಕ್ಯಾಸೆಟ್ಟನ್ನು ವಾಪಸು ಕೊಡಲು ಕಾಕು ಬಿಡಲಿಲ್ಲ. "ದೇವರು ತಾನಾಗಿ ಮನಿಗೆ ಬಂದಾನ, ಲಾರಿ ಹತ್ತಿಸಿ ಕಳಸ್ತೀರೇನ?" ಎಂದು ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೋದ ಪಕ್ಕದಲ್ಲಿಟ್ಟಳು. ಅಂದಿನಿಂದ ಅದಕ್ಕೂ ದಿನಾ ಒಂದು ಹೂವು ಸಿಗತೊಡಗಿತು.

ಇಷ್ಟೇ ಆಗಿದ್ದರೆ ಕಾಕಾನನ್ನು ಬರೀ ಸಂಗೀತದ ಹುಚ್ಚ ಎಂದು ಬಿಟ್ಟುಬಿಡಬಹುದಿತ್ತು. ಅವನ ಹುಚ್ಚಿಗೆ ಒಂದು ಶಾಸ್ತ್ರವೂ ಇತ್ತು. ಹೊಸ ಕ್ಯಾಸೆಟ್ಟನ್ನು ಮೊದಲ ಸಲ ಕೇಳುವಾಗ ಮನೆಯಲ್ಲಿ ಏನು ನಡೆಯುತ್ತದೋ ಅದೆಲ್ಲ ಆ ಹಾಡುಗಳೊಳಗೆ ಹೋಗಿ ಕೂತುಬಿಡುತ್ತದೆ ಎಂದು ಅವನು ನಂಬಿದ್ದ. "ಹೊಸಾ ಕ್ಯಾಸೆಟ್ ಅಂದ್ರ ಹಸೀ ಗ್ವಾಡಿ ಇದ್ದಂಗ. ಅವತ್ತ ಏನ್ ಒತ್ತತೀರಿ ಅದು ಹಂಗ ಮೂಡ್ತೈತಿ. ಆಮ್ಯಾಲೆ ಯಾವಾಗ ಹಚ್ಚಿದ್ರೂ ಅದ ದಿನಾ ಎದ್ದು ಬರ್ತೈತಿ" ಎನ್ನುತ್ತಿದ್ದ. ಆದ್ದರಿಂದ ಆ ದಿನ ಒಳ್ಳೆಯ ದಿನವೇ ಆಗಿರಬೇಕು. ಹೊಸ ಕ್ಯಾಸೆಟ್ ಬಂದ ದಿನ ಮನೆಯಲ್ಲಿ ಜಗಳ ಕೂಡದು, ಅಳು ಕೂಡದು, ಮುಖ ಗಂಟು ಹಾಕುವುದಂತೂ ಕೂಡಲೇ ಕೂಡದು!

ಕಾಕುವಿಗೆ ಇದಕ್ಕಿಂತ ದೊಡ್ಡ ವರ ಬೇಕೇ? ಕಾಕಾ ಕಾಗದದಲ್ಲಿ ಸುತ್ತಿದ ಪುಟ್ಟ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅವಳ ಮುಖ ಅರಳುತ್ತಿತ್ತು. "ಹೊಸಾದ್ ಬಂತೇನ್ರಿ? ಭಾಳ ಛಲೋ ಆತು. ಹಂಗಾದ್ರ ಮೊದಲ ಗಿರಣಿಗೆ ಹೋಗಿ ಜ್ವಾಳಾ ಬೀಸಿಕೊಂಡ್ ಬರ್ರಿ." ಬೀಸಿಕೊಂಡು ಬಂದರೆ, "ಅಟ್ಟದ ಮ್ಯಾಲಿನ ಜ್ಯಾಡಾ ಹೊಡೀರಿ." ಜೇಡ ಹೊಡೆದರೆ, "ನಮ್ಮವ್ವನ ಕರಕೊಂಡ್ ಬರಾಕ ಹಳಿಯಾಳಕ್ಕ ಹೋಗ್ತೀರೇನು?" ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದರೆ ಜಗಳ, ಜಗಳವಾದರೆ ಕ್ಯಾಸೆಟ್ ಕೆಟ್ಟಿತು! ಅವನ ಹದ್ದಿನ ಕ್ಯಾಸೆಟ್ ಹಚ್ಚಿದಾಗಲೆಲ್ಲ ಅವನಿಗೆ ಅತ್ತೆಯನ್ನು ಬಸ್ಸಿನಿಂದ ಇಳಿಸಿಕೊಂಡದ್ದೇ ನೆನಪಾಗುತ್ತಿತ್ತು. ಹದ್ದಿಗೂ ಅತ್ತೆಗೂ ಸಂಬಂಧವಿಲ್ಲ ಎಂದು ಕಾಕಾ ಕೇಳಿದವರಿಗೆಲ್ಲ ಆಣೆ ಮಾಡಿ ಹೇಳುತ್ತಿದ್ದ.

ನಾನು ಮೊದಮೊದಲು ನಕ್ಕುಬಿಡುತ್ತಿದ್ದೆ. ಆದರೆ ಒಂದು ಸಲ ಕಾಕುವಿನ ಟ್ರಂಕಿನ ಕೀಲಿ ಕಳೆಯಿತು. ಬೋರಮಾಳ ಸರ ಅದರೊಳಗೆ, ಮಾರನೆಯ ದಿನ ಮದುವೆಗೆ ಹೋಗಬೇಕು. ಮನೆಯನ್ನೆಲ್ಲ ಬುಡಮೇಲು ಮಾಡಿದೆವು. ಕಾಕಾ ಮಾತ್ರ ಆರಾಮಾಗಿ ಕುಳಿತು, "ಕೀಲಿ ಕಡೀಕ ಯಾವಾಗ ನೋಡಿದ್ದಿ?" ಎಂದು ಕೇಳಿದ.

"ಪಂಚಮಿ ಹಬ್ಬದಾಗ" ಎಂದಳು ಕಾಕು.

ಪಂಚಮಿ ಎಂದರೆ ಸುಟ್ಟ ಮನೆ ಕ್ಯಾಸೆಟ್. ಕಾಕಾ ಅದನ್ನು ಹಚ್ಚಿ ಕಣ್ಣು ಮುಚ್ಚಿದ. ಕಾಕು ಹಲ್ಲು ಕಡಿಯುತ್ತ ನಿಂತಳು. ಎರಡು ಹಾಡು ಮುಗಿದು ಮೂರನೆಯದರಲ್ಲಿ ಡ್ರಮ್ಮು ಧಡಧಡ ಎನ್ನುವಾಗ ಕಾಕಾ ಕಣ್ಣು ಬಿಟ್ಟ. "ಇಲ್ಲಿಗೆ ಬಂದಾಗ ನೀ ಉಂಡಿ ಕಟ್ಟಾಕತ್ತಿದ್ದಿ. ಕೈಯಾಗ ಬೆಲ್ಲದ ಪಾಕ ಹತ್ತಿತ್ತು. ಕೈಬಳಿಯಾಗ ಸಿಗಿಸಿದ್ದ ಕೀಲಿ ತಗದು ಶೇಂಗಾದ ಡಬ್ಬಿ ಮ್ಯಾಲೆ ಇಟ್ಟಿ." ಡಬ್ಬಿ ಈಗ ಅಟ್ಟದ ಮೇಲಿತ್ತು, ಅದರ ಮುಚ್ಚಳದ ಮೇಲೆ ಕೀಲಿಯೂ ಇತ್ತು. ಕಾಕು ಟ್ರಂಕು ತೆರೆದು ಸರ ತೆಗೆದುಕೊಂಡಳು. ಸೋತದ್ದನ್ನು ಬಾಯಿಬಿಟ್ಟು ಒಪ್ಪುವುದು ಅವಳ ಮನೆತನದಲ್ಲೇ ಇರಲಿಲ್ಲ.

ಶಾಸ್ತ್ರ ಕೆಟ್ಟದ್ದು ಒಂದೇ ಸಲ. ತಲೆಬುರುಡೆಯ ಕ್ಯಾಸೆಟ್ಟನ್ನು ಮೊದಲ ಸಲ ಕೇಳುತ್ತಿದ್ದಾಗ ಅಜ್ಜ ತೀರಿಕೊಂಡ ಸುದ್ದಿ ಮಳಗಿಯಿಂದ ಬಂತು. ಇನ್ನು ಅದನ್ನು ಅವನು ಎಂದೂ ಮುಟ್ಟಲಾರ ಎಂದುಕೊಂಡಿದ್ದೆವು. ಮರುವರ್ಷ ಅಜ್ಜನ ತಿಥಿ ದಿನ ಎಡೆ ಹಿಡಿದು, ಮಠದ ಅಯ್ಯನವರನ್ನು ಊಟಕ್ಕೆ ಕೂರಿಸಿ, ಕಾಕಾ ಆ ಕ್ಯಾಸೆಟ್ ತಂದು ಹಚ್ಚಿದ. ಅಯ್ಯನವರ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು. "ಇದರಾಗ ಅಪ್ಪಾ ಬರ್ತಾನ್ರಿ" ಎಂದ ಕಾಕಾ ಮೆತ್ತಗೆ. ಅವನ ಕಣ್ಣು ತುಂಬಿದ್ದನ್ನು ನೋಡಿ ಯಾರೂ ನಗಲಿಲ್ಲ. ಅಜ್ಜನಿಗೆ ಕಡೆಗಾಲಕ್ಕೆ ಕಿವಿ ಪೂರಾ ಹೋಗಿತ್ತು, ಮಗನ ಹಾಡು ಒಂದನ್ನೂ ಅವನು ಕೇಳಿರಲಿಲ್ಲ. ಮುಂದಿನ ವರ್ಷ ಎಲ್ಲ ಗಲಾಟೆಯಲ್ಲಿ ಕ್ಯಾಸೆಟ್ ಹಚ್ಚುವುದು ಮರೆತುಹೋದಾಗ ಅಯ್ಯನವರೇ ಎಲೆಯ ಮುಂದೆ ಕುಳಿತು ಕೇಳಿದರು. "ಅಜ್ಜಾರ ಹಾಡು ಹಚ್ಚಂಗಿಲ್ಲೇನ್ರಿ?"

ನಾನು ಓದು ಮುಗಿಸಿ ಹಳಿಯಾಳದಲ್ಲಿ ಶಿಕ್ಷಕಿಯಾದೆ. ಕ್ಯಾಸೆಟ್ಟು ಹೋಗಿ ಸಿಡಿ ಬಂತು. ಮೊದಲ ಸಂಬಳದಲ್ಲಿ ಕಾಕಾನಿಗೊಂದು ಸಿಡಿ ಪ್ಲೇಯರ್ ಕೊಡಿಸಿದೆ. ಅದನ್ನು ಅವನು ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡ. ರಜೆಯಲ್ಲಿ ಹೋಗುವಾಗ ಹುಬ್ಬಳ್ಳಿಯಿಂದ ಹೊಸ ಹೊಸ ಸಿಡಿ ತರಿಸಿ ಒಯ್ಯುತ್ತಿದ್ದೆ. ಒಂದೆರಡು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಕಾಕಾ ಗೊಣಗತೊಡಗಿದ. "ಈಗಿನ ಹುಡುಗರಿಗೆ ಬಾರಸಾಕ ಬರಂಗಿಲ್ಲವಾ. ಎಲ್ಲಾ ಕಲಸಿಬಿಡ್ತಾರ. ಮೊದಲಿನವರದ ಬ್ಯಾರೆ." ನಾನು ತಂದ ಸಿಡಿ ಒಂದು ಸಲ ಕೇಳಿ ಪಕ್ಕಕ್ಕಿಟ್ಟು ಹದ್ದು, ಬುರುಡೆ, ಸುಟ್ಟ ಮನೆಗಳಿಗೇ ಮರಳುತ್ತಿದ್ದ. ವಯಸ್ಸಾದವರೆಲ್ಲ ಹೇಳುವ ಮಾತೇ ಇದು ಎಂದು ನಾನೂ ಕಾಕುವೂ ನಕ್ಕೆವು. ಕಾಕಾ ಎಲ್ಲರ ಹಾಗೆ ಮಾತಾಡುತ್ತಿದ್ದಾನೆ ಎಂಬುದೇ ವಿಚಿತ್ರವೆಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಒಂದು ಚಳಿಗಾಲದ ಬೆಳಿಗ್ಗೆ. ಹೊಸ ಸಿಡಿ ಒಯ್ದಿದ್ದೆ. ಕಾಕಾ ಎಂದಿನ ಹಾಗೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳುತ್ತಿದ್ದ. ನಾನೂ ಕಾಕುವೂ ಮೆಂತ್ಯ ಸೊಪ್ಪು ಸೋಸುತ್ತಿದ್ದೆವು. ಮೊದಲನೆಯ ಹಾಡು ಅರ್ಧ ಆಗಿರಬೇಕು, ಕರೆಂಟು ಹೋಯಿತು. ದಾಂಡೇಲಿಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಕಾಕಾ ಮಾತ್ರ ತಲೆ ತೂಗುತ್ತಲೇ ಇದ್ದ! ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ನಾವಿಬ್ಬರೂ ಬಾಯಿಗೆ ಸೆರಗು, ಓಢಣಿ ಅಡ್ಡ ಹಿಡಿದು ನಕ್ಕೆವು. ಎಷ್ಟು ಹೊತ್ತು ಹೀಗೇ ನಡೆಸುತ್ತಾನೋ ನೋಡೋಣ ಎಂದು ನಾನು ಸನ್ನೆ ಮಾಡಿದೆ. ಅವನು ನಡೆಸಿಯೇ ನಡೆಸಿದ. ಮೊದಲು ನಗು ನಿಲ್ಲಿಸಿದವಳು ಕಾಕು.

ಕೊನೆಗೆ ಕಾಕಾ ಕಣ್ಣು ತೆರೆದು ನನ್ನ ಕಡೆ ನೋಡಿ, "ಛಲೋ ಐತವಾ ಇದು. ಮೂರನೇ ಹಾಡಿನ್ಯಾಗ ಗಿಟಾರ್ ಭಾಳ ಛಲೋ ಬಾರಿಸ್ಯಾನ" ಎಂದ.

ಮೂರನೆಯ ಹಾಡು ಶುರುವೇ ಆಗಿರಲಿಲ್ಲ. ಕಾಕು ಸೊಪ್ಪಿನ ಮೇಲಿನ ಕಣ್ಣು ಎತ್ತದೆ, ಅವನಿಗೆ ಕೇಳುವಷ್ಟು ದೊಡ್ಡದಾಗಿ ಹೇಳಿದಳು. "ಹೌದ್ರಿ. ಗಿಟಾರ್ ಛಲೋ ಐತಿ." ಅಷ್ಟು ವರ್ಷಗಳ ಸಂಸಾರದಲ್ಲಿ ಅವಳು ಗಿಟಾರನ್ನು ಹೊಗಳಿದ್ದು ಅದೇ ಮೊದಲು.

ಹುಬ್ಬಳ್ಳಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಾಕು ದಾರಿಯುದ್ದಕ್ಕೂ ಆ ಒದರುವ ಹಾಡುಗಳಿಂದಲೇ ಹೀಗಾಯಿತು ಎಂದು ಬೈದಳು. ಡಾಕ್ಟರು ಪರೀಕ್ಷೆ ಮಾಡಿ, ಅಪ್ಪ-ಅಜ್ಜಂದಿರ ವಿಚಾರ ಕೇಳಿ, ಇದು ಮನೆತನದಲ್ಲೇ ಬಂದದ್ದು, ಹಾಡಿನ ತಪ್ಪಲ್ಲ ಎಂದರು. ಕಾಕಾ ಕಾಕುವಿನ ಕಡೆ ಗೆದ್ದವನ ಹಾಗೆ ನೋಡಿದ. ಆಮೇಲೆ ಡಾಕ್ಟರು ಅವನಿಗೆ ಕೇಳುವಂತೆ ಬಿಡಿಸಿ ಹೇಳಿದರು. ಕಿವಿಗೆ ಮಶೀನು ಹಾಕಿಕೊಂಡರೆ ಮಾತು ಕೇಳಿಸುತ್ತದೆ. ಹಳೆಯ ಹಾಡುಗಳೂ ತಿಳಿಯುತ್ತವೆ, ಯಾಕೆಂದರೆ ಕಿವಿ ಬಿಟ್ಟದ್ದನ್ನು ತಲೆ ತುಂಬಿಕೊಳ್ಳುತ್ತದೆ. ಹೊಸ ಹಾಡು ಮಾತ್ರ ಕಷ್ಟ. ಅದು ಬರೀ ಗದ್ದಲವಾಗಿ ಕೇಳಬಹುದು, ಗೊತ್ತಿಲ್ಲದ್ದನ್ನು ತಲೆಯಾದರೂ ಹೇಗೆ ತುಂಬೀತು?

"ಅಂದ್ರ ಹಳೇ ಹೆಂಡ್ತಿ ಬೈದದ್ದು ತಿಳಿತೈತಿ, ಹೊಸಾ ಹೆಂಡ್ತಿದು ತಿಳಿಯಂಗಿಲ್ಲ, ಹೌದಿಲ್ರಿ ಡಾಕ್ಟರ್?" ಎಂದ ಕಾಕಾ. ಡಾಕ್ಟರು ಜೋರಾಗಿ ನಕ್ಕರು. ಕಾಕು, "ನಿಮಗ ಇದ್ದಾಕಿನ ಹೆಚ್ಚಾಗ್ಯಾಳ" ಎಂದಳು. ಎಲ್ಲರೂ ನಗುವಂತೆ ಮಾಡಿ ಹೊರಗೆ ಬಂದ ಕಾಕಾ ಹಳಿಯಾಳ ದಾಟುವವರೆಗೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಿದ್ದ. ಅವರನ್ನು ಬಿಟ್ಟುಬರಲು ನಾನೂ ದಾಂಡೇಲಿಯವರೆಗೆ ಹೊರಟಿದ್ದೆ. ಕಾಡು ಶುರುವಾದ ಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದ.

"ಹಳೇ ಕ್ಯಾಸೆಟ್ ಎಲ್ಲಾ ತುಂಬ್ಯಾವ, ತಂಗಿ. ಒಂದೊಂದ್ರಾಗ ಒಂದೊಂದ್ ದಿನಾ ಕುಂತೈತಿ. ನಿನ್ನ ಹತ್ತನೇತ್ತಾ ಪಾಸಾದದ್ದು, ಇಕಿ ಜ್ವರದಾಗಿಂದ ಎದ್ದದ್ದು, ನಮ್ಮಪ್ಪಾ. ಇನ್ನ ಮುಂದಿನ ದಿನಾ ಎಲ್ಲಿ ಇಡೂದು?"

ಮುಂದಿನ ಸೀಟಿನಲ್ಲಿದ್ದ ಕಾಕು ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವನ ಮೆತ್ತನೆಯ ಧ್ವನಿ ಬಸ್ಸಿನ ಸದ್ದಿನಲ್ಲಿ ಅವಳನ್ನು ಮುಟ್ಟಿರಲಾರದು ಎಂದೂ ಅಂದುಕೊಂಡೆ.

ಆ ಮೇಲೆ ಕಾಕಾ ಹೊಸದನ್ನು ಕೇಳುವುದು ಬಿಟ್ಟ. ಗೋವಾದ ಡ್ರೈವರುಗಳಿಗೆ ತಾನೇ ಬೇಡವೆಂದು ಹೇಳಿ ಕಳಿಸಿದ. ಕಿವಿಗೆ ಮಶೀನು ಬಂತು. ಹಳೆಯ ಕ್ಯಾಸೆಟ್ಟುಗಳನ್ನೂ ಕಡಿಮೆ ಹಚ್ಚುತ್ತಿದ್ದ, ಸವೆದು ಹೋದರೆ ಎಂಬ ಹೆದರಿಕೆ. ಮಗ್ಗುಲ ಮನೆಯ ಬಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಕ್ಯಾಲೆಂಡರ್ ಬೀಳೂದ ಬಿಟ್ಟೈತಿ ನೋಡು. ಛಲೋ ಅನಸಂಗಿಲ್ಲ" ಎಂದರು. ಶಾಲೆಯ ಪರೀಕ್ಷೆಗಳಿಂದಾಗಿ ನನಗೆ ಕೆಲವು ತಿಂಗಳು ಅತ್ತ ಹೋಗಲಾಗಲಿಲ್ಲ. ಫೋನು ಮಾಡಿದರೆ ಕಾಕು ಅವಸರದಲ್ಲಿ, "ನಂಗ ಕೆಲಸ ಐತಿ, ಆಮ್ಯಾಲೆ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತಿದ್ದಳು. ಏನು ಕೆಲಸವೋ! ಕಾಕಾನನ್ನು ಕೇಳಿದರೆ, "ಇತ್ತಿತ್ಲಾಗ ರೊಟ್ಟಿ ಹೊತ್ತಸಾಕತ್ತಾಳ" ಎಂದಷ್ಟೇ ಹೇಳುತ್ತಿದ್ದ.

ಬೇಸಿಗೆ ರಜೆ ಬಿದ್ದ ಕೂಡಲೇ ಹೋದೆ. ಆಟೋ ಇಳಿಯುವಾಗಲೇ ಮನೆಯೊಳಗಿನಿಂದ ವಿಚಿತ್ರವಾದ ಹಾಡು ಕೇಳಿಸಿತು. ಧ್ವನಿ ಕಾಕುವಿನದು, ಸಂಶಯವಿಲ್ಲ. ಓಣಿಯಲ್ಲಿ ಯಾರ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಪದ ಹಾಡಲು ಕಾಕುವನ್ನೇ ಕರೆಯುತ್ತಿದ್ದರು. ತನ್ನ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೂ ಊರಿನ ಅರ್ಧ ಮಕ್ಕಳನ್ನು ಅವಳು ಹಾಡಿ ಮಲಗಿಸಿದ್ದಳು. ಧ್ವನಿ ಅದೇ. ಆದರೆ ಇದು ಯಾವ ಊರಿನ ತೊಟ್ಟಿಲ ಪದ? ಮಾತೇ ಇಲ್ಲ. ಎಳೆಯುತ್ತಾಳೆ, ಏರಿಸುತ್ತಾಳೆ, ಒಮ್ಮೆಲೇ ಹಲ್ಲು ಬಿಗಿಹಿಡಿದು "ಙ್ಞೀಂಯ್ಞೀಂಯ್" ಎನ್ನುತ್ತಾಳೆ. ಕೂಸು ಎದ್ದು ಓಡಿಹೋದೀತು!

ಬಾಗಿಲಿನಿಂದ ಇಣುಕಿದೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾಕಾ ಕುಳಿತಿದ್ದ, ಕಣ್ಣು ಮುಚ್ಚಿಕೊಂಡು. ಅವನ ಹಿಂದೆ, ಅವನ ಕಿವಿಯ ಹತ್ತಿರ ಬಾಯಿಯಿಟ್ಟು ಕಾಕು ಕುಳಿತಿದ್ದಳು. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ದೊಡ್ಡ ಹೆಡ್‌ಫೋನು. ಅದರ ವೈರು ಸಿಡಿ ಪ್ಲೇಯರಿಗೆ ಹೋಗಿತ್ತು. ಪಕ್ಕದಲ್ಲಿ ಒಂದು ಹೊಸ ಸಿಡಿಯ ಡಬ್ಬಿ ತೆರೆದು ಬಿದ್ದಿತ್ತು. ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಕಾಕು ತನ್ನ ಧ್ವನಿಯಲ್ಲಿ ಅವನ ಕಿವಿಗೆ ಹಾಡುತ್ತಿದ್ದಳು. ಹಾಡುವವನು ಮೇಲೆ ಹೋದರೆ ಇವಳೂ ಮೇಲೆ, ಗಿಟಾರು ಬಂದರೆ ಗಿಟಾರು. ಎಲ್ಲಿಯೂ ತಡವರಿಸುತ್ತಿರಲಿಲ್ಲ. ಒಂದು ಸಲ ಕೇಳಿ ಹಾಗೆ ಹಾಡಲು ಬರುವುದಿಲ್ಲ. ಅಷ್ಟು ತಿಂಗಳ ರೊಟ್ಟಿ ಯಾಕೆ ಹೊತ್ತಿತೆಂದು ನನಗೆ ಆಗ ತಿಳಿಯಿತು.

ಮಧ್ಯೆ ಹಾಡು ನಿಲ್ಲಿಸಿ, "ಇಂವ ಯಾಕ ಹಿಂಗ ಹೊಯ್ಕೊಂತಾನ್ರಿ, ಅವರವ್ವ ಉಣ್ಣಾಕ ಹಾಕಿಲ್ಲೇನ?" ಎಂದು ಬೈದು ಮತ್ತೆ ಎತ್ತಿಕೊಂಡಳು. ಕಾಕಾ ನಕ್ಕ. ಅವನಿಗೆ ಕೇಳಿಸುತ್ತಿತ್ತು. ಹೊಸ ಹಾಡು ಅವನ ಕಿವಿಗೆ ತಿಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಆದರೆ ಈ ಧ್ವನಿ ಹೊಸದೇ? ಮೂವತ್ತು ವರ್ಷಗಳಿಂದ ಇದೇ ಮನೆಯಲ್ಲಿ ಬೈದು, ಕರೆದು, ಎಬ್ಬಿಸಿ, ಉಣ್ಣಲು ಕೂಗಿದ ಧ್ವನಿ. ಕಿವಿ ಬಿಟ್ಟದ್ದನ್ನೆಲ್ಲ ಅವನ ತಲೆ ತುಂಬಿಕೊಳ್ಳುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ಅತ್ತೆ. ಸುಖಕ್ಕೆ ಅತ್ತೆನೋ ಏನೋ, ನಿಲ್ಲಿಸಲು ಆಗಲಿಲ್ಲ.

ಕಾಕಾ ಕಣ್ಣು ತೆರೆದು ನನ್ನನ್ನು ಕಂಡ. "ಬಾ ಯವ್ವಾ, ಬಾ. ಅಳಬ್ಯಾಡ, ಹೊಸಾದ್ ನಡದೈತಿ. ಇಲ್ಲೆ ಬಂದ್ ಕುಂಡ್ರು, ನೀನೂ ಇದರಾಗ ಬರ್ತಿ" ಎಂದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟ.

ಕಣ್ಣೊರೆಸಿಕೊಂಡು ಅವನ ಮಗ್ಗುಲಲ್ಲಿ ಕುಳಿತೆ. ಕಾಕು ನನ್ನತ್ತ ತಿರುಗಿಯೂ ನೋಡಲಿಲ್ಲ. ಒಂದು ಕೈಯಿಂದ ಹೆಡ್‌ಫೋನು ಸರಿಮಾಡಿಕೊಂಡು, "ಮಾತಾಡಬ್ಯಾಡ್ರಿ, ಗಟ್ಟಿ ಕುಂಡ್ರರಿ. ಈಗ ಡ್ರಮ್ ಬರ್ತೈತಿ" ಎಂದು ಎರಡೂ ಕೈ ಎತ್ತಿ ಕಾಕಾನ ಬೆನ್ನಿನ ಮೇಲೆ ಬಾರಿಸತೊಡಗಿದಳು.